ಬಲಗಡೆಯ ಕೆಳಮೂಲೆ

ನಾನು ಅನುಮಾನದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗ್ಯಾಸ್ ಬಂದ್ ಮಾಡಿದ ಮೇಲೆ ಮೂರು ಸಲ ಹೋಗಿ ನೋಡುತ್ತೇನೆ. ಹಾಲಿನವನು ಕಣ್ಣೆದುರಿಗೇ ಅಳೆದು ಹಾಕಿದರೂ ಪಾತ್ರೆ ಎತ್ತಿ ಮೂಸುತ್ತೇನೆ. ಶಹಾಪುರದ ಬಸ್ ನಿಲ್ದಾಣದಲ್ಲಿ ಬೋರ್ಡಿನ ಮೇಲೆ ಯಾದಗಿರಿ ಅಂತ ಇಷ್ಟು ದೊಡ್ಡದಾಗಿ ಬರೆದಿದ್ದರೂ ಕಂಡಕ್ಟರನನ್ನು ಕೇಳಿಯೇ ಹತ್ತುವುದು, ಹತ್ತಿ ಕೂತ ಮೇಲೆ ಪಕ್ಕದವರನ್ನು ಇನ್ನೊಮ್ಮೆ ಕೇಳುವುದು. ಅವ್ವ ಇದಕ್ಕೆಲ್ಲ ನನ್ನ ಓದೇ ಕಾರಣ ಅನ್ನುತ್ತಾಳೆ. ಓದಿಗಿಂತ ಮೊದಲೇ ಈ ಗುಣ ನನ್ನಲ್ಲಿತ್ತು. ಓದಿದ ಮೇಲೆ ಅದನ್ನು 'ಪರಿಶೀಲನೆ' ಅಂತ ಕರೆಯಲು ಕಲಿತೆ, ಅಷ್ಟೇ.

ಈ ಗುಣದಿಂದಲೇ ಒಮ್ಮೆ ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಲು ಹೊರಟಿದ್ದೆ. ಈಗ ಹೇಳುತ್ತಿರುವುದು ಅದನ್ನೇ.

ಆಗ ನಾನು ಯಾದಗಿರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಪಿಎಚ್‌ಡಿ ಮಾಡುತ್ತಿದ್ದೆ. ಮೇಲೆ ಆಕಾಶದಲ್ಲಿ ಸುತ್ತುವ ಉಪಗ್ರಹಗಳಿಗೆ ಹಳೆಯ ರಾಕೆಟ್ಟುಗಳ ಚೂರುಪಾರು ಬಂದು ಬಡಿಯುತ್ತವೆ. ಚೂರು ಜೋಳದ ಕಾಳಿನಷ್ಟಿದ್ದರೂ ಸಾಕು, ಅದರ ವೇಗ ಅಂಥದ್ದು. ಶಹಾಪುರದಿಂದ ಯಾದಗಿರಿ ಮುಟ್ಟಲು ನಮ್ಮ ಬಸ್ಸಿಗೆ ಒಂದು ತಾಸು ಬೇಕು. ಆ ಕಾಳಿಗೆ ನಾವು ಹತ್ತು ಎಣಿಸುವಷ್ಟು ಹೊತ್ತೂ ಬೇಡ. ಅದನ್ನು ತಡೆಯುವುದಕ್ಕೆ ಹಳದಿ ಬಣ್ಣದ ಬಲು ಗಟ್ಟಿ ನೂಲಿನ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಅದರೊಳಗೆ ಅಂಟು ಹರಿಸಿ, ಗಟ್ಟಿಯಾಗಿಸಿ ಹಲಗೆ ಮಾಡುತ್ತಾರೆ. ಬಟ್ಟೆಯೊಂದೇ ಆದರೆ ಬಗ್ಗುತ್ತದೆ, ಅಂಟೊಂದೇ ಆದರೆ ಒಡೆಯುತ್ತದೆ, ಎರಡೂ ಕೂಡಿದರೆ ತಡೆಯುತ್ತದೆ. ಇಂಥ ಹಲಗೆಗೆ ಅಂಥ ಕಾಳು ಬಡಿದರೆ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಮುಂಚೆಯೇ ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸವಾಗಿತ್ತು.

ಲೆಕ್ಕ ಅಂದರೆ ಹೀಗೆ. ಹಲಗೆಯನ್ನು ಕಂಪ್ಯೂಟರಿನೊಳಗೆ ಲಕ್ಷಗಟ್ಟಲೆ ಸಣ್ಣ ತುಂಡು ಮಾಡುತ್ತೇನೆ. ಒಂದೊಂದು ತುಂಡಿಗೂ ನೀನು ಎಷ್ಟು ಗಟ್ಟಿ, ಎಷ್ಟು ಎಳೆದರೆ ಹರಿಯುತ್ತೀ, ಪಕ್ಕದವನನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೀ ಅಂತ ಹೇಳಿಕೊಡುತ್ತೇನೆ. ಆಮೇಲೆ ಕಾಳು ಬಿಡುತ್ತೇನೆ. ಆ ವೇಗಕ್ಕೆ ಗಟ್ಟಿ ವಸ್ತುವೂ ಒಂದು ಕ್ಷಣ ನೀರಿನಂತೆ ಹರಿಯುತ್ತದೆ. ಸೆಕೆಂಡನ್ನು ಕೋಟಿ ಭಾಗ ಮಾಡಿ ಒಂದೊಂದು ಭಾಗದಲ್ಲೂ ಎಲ್ಲಿ ಏನಾಯಿತು ಅಂತ ಕಂಪ್ಯೂಟರು ಬರೆದಿಡುತ್ತ ಹೋಗುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಸಂಗತಿಯನ್ನು ಬರೆಯಲು ಅದಕ್ಕೆ ಎರಡು ದಿನ ಬೇಕಾಗುತ್ತಿತ್ತು.

ತೂತು ಬೀಳುವುದು ಅಂಥ ದೊಡ್ಡ ತೊಂದರೆಯಲ್ಲ. ತೂತಿನ ಸುತ್ತ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವಲ್ಲ, ಅದು ತೊಂದರೆ. ಹೊರಗಿನಿಂದ ನೋಡಿದರೆ ಹಲಗೆ ಸರಿಯಾಗಿಯೇ ಇರುತ್ತದೆ, ಒಳಗೆ ಮಾತ್ರ ಪೊಳ್ಳು.

ಅವ್ವ ಸುರಪುರದವಳು, ಕೌದಿ ಹೊಲಿಯುವುದರಲ್ಲಿ ನಮ್ಮ ಓಣಿಗೇ ಹೆಸರಾದವಳು. ಹಳೆಯ ಸೀರೆ, ಪಂಚೆಗಳನ್ನು ಏಳೆಂಟು ಪದರ ಹಾಸಿ, ಮೇಲಿನಿಂದ ಕೆಳಗಿನವರೆಗೆ ಸೂಜಿ ದಾಟಿಸಿ, ಸಾಲು ಸಾಲಾಗಿ ಹೊಲಿಯುತ್ತಾಳೆ. ಇಪ್ಪತ್ತು ವರ್ಷ ಹೊದ್ದರೂ, ಕಲ್ಲಿನ ಮೇಲೆ ಎತ್ತೆತ್ತಿ ಒಗೆದರೂ ಅವಳ ಕೌದಿಯ ಪದರ ಬಿಟ್ಟುಕೊಳ್ಳುವುದಿಲ್ಲ. ಒಂದು ಮಧ್ಯಾಹ್ನ ಅವಳ ಪಕ್ಕ ಚಹಾ ಕುಡಿಯುತ್ತ ಕೂತಾಗ ನನಗೆ ಹೊಳೆಯಿತು. ಹೀಗೆ ಹಲಗೆಯ ಪದರಗಳನ್ನೂ ಹೊಲಿಯುವುದು ಜಗತ್ತಿಗೆ ಹೊಸದೇನಲ್ಲ, ಅದಕ್ಕೆಂದೇ ಯಂತ್ರಗಳಿವೆ. ನಮ್ಮಲ್ಲಿ ಯಂತ್ರ ಇರಲಿಲ್ಲ, ಅವ್ವ ಇದ್ದಳು.

ಹಳದಿ ಬಟ್ಟೆ ಮನೆಗೆ ಬಂದ ದಿನ ಅವಳ ಕತ್ತರಿ ಅದರ ಮೇಲೆ ಜಾರಿತು. ಇನ್ನೊಮ್ಮೆ ಒತ್ತಿದಳು, ನೂಲು ಹಿಂಜಿತೇ ಹೊರತು ತುಂಡಾಗಲಿಲ್ಲ.

"ಇದೆಂಥಾ ಬಟ್ಟಿ ಬೇ, ನನ್ನ ಕತ್ತರಿ ಮೊಂಡ ಮಾಡ್ತು," ಅಂದಳು. "ಯಾರು ಹೊದ್ಕೋತಾರ ಇದನ್ನ?"

"ಯಾರೂ ಇಲ್ಲವ್ವ. ಇಂಥಾವು ಮ್ಯಾಲ ಆಕಾಶದಾಗ ಹೋಗ್ತಾವ."

"ಅಲ್ಲಿ ಥಂಡಿ ಇರ್ತದೇನು?"

"ಭಾಳ."

ನಾನು ನನ್ನ ನಿಯಮಗಳನ್ನು ಹೇಳಿದೆ. ಕೈಗೆ ಎಣ್ಣೆ ಇರಬಾರದು, ತಲೆಗೂದಲು ಬೀಳಬಾರದು, ಹತ್ತಿರ ಚಹಾ ತರಬಾರದು, ಸಾಲು ನೆಟ್ಟಗಿರಬೇಕು, ಎಡಗಡೆಯ ಮೇಲಿನ ಮೂಲೆಯಿಂದ ಶುರು ಮಾಡಿ ಬಲಗಡೆಯ ಕೆಳಗಿನ ಮೂಲೆಗೆ ಮುಗಿಸಬೇಕು. ಕಾಲೇಜಿನಲ್ಲಿ ನಾನು ಕತ್ತರಿಸಿ ತಂದ ಪದರಗಳಿಂದ ಒಂದು ಗೇಣು ಉದ್ದಗಲದ ಆರು ತುಂಡುಗಳನ್ನು ಅವಳು ಹೊಲಿದಳು. ಎದುರು ಮನೆಯ ಹೆಂಗಸರು ಇಣುಕಿ, ಇದು ಪೊಲೀಸರ ಅಂಗಿಯದೇ ಇರಬೇಕು ಅಂತ ತಮ್ಮಲ್ಲೇ ನಿರ್ಧಾರ ಮಾಡಿಕೊಂಡು ಹೋದರು. ನಾನು ದಿನಾ ಸಂಜೆ ಬಂದು ಅಳತೆಪಟ್ಟಿ ಹಿಡಿದು ಸಾಲು ನೋಡುತ್ತಿದ್ದೆ. ಒಂದು ಸಂಗತಿ ಮಾತ್ರ ಗಮನಕ್ಕೆ ಬಂದಿತ್ತು. ಕೊನೆಯ ಮೂಲೆಯನ್ನು ಅವಳು ಎಂದೂ ನನ್ನೆದುರು ಮುಗಿಸುತ್ತಿರಲಿಲ್ಲ. ಅಳತೆಪಟ್ಟಿ ಎದುರಿಗಿದ್ದರೆ ಅವಳಿಗೂ ಸಾಲು ತಪ್ಪಬಹುದು ಅಂತ ಸುಮ್ಮನಾದೆ. ಜಗತ್ತನ್ನೆಲ್ಲ ಅನುಮಾನಿಸುವವಳು ಅಲ್ಲಿ ಅನುಮಾನಿಸಲಿಲ್ಲ.

ಆ ತುಂಡುಗಳಿಗೆ ಕಾಲೇಜಿನ ಪ್ರಯೋಗಾಲಯದಲ್ಲಿ ನಾನೇ ಅಂಟು ಹರಿಸಿದೆ. ಹೊಲಿಗೆಯಿಲ್ಲದ ಮೂರು ಹಲಗೆ, ಹೊಲಿಗೆಯ ಆರು ಹಲಗೆ. ಮೇಲ್ಭಾಗ ಯಾವುದು ಅಂತ ತಿಳಿಯಲು ಒಂದೊಂದರ ಮೇಲೂ ಬಾಣದ ಗುರುತು ಹಾಕಿ, ಚೀಲಕ್ಕೆ ತುಂಬಿಕೊಂಡು ಯಾದಗಿರಿಯಲ್ಲಿ ರೈಲು ಹತ್ತಿದೆ.

ನನ್ನ ಲೆಕ್ಕ ನಿಜವೇ ಅಂತ ಹಲಗೆಗೆ ಕಾಳಿನಷ್ಟು ಗುಂಡು ಹೊಡೆದು ನೋಡುವ ಪ್ರಯೋಗಾಲಯ ದೂರದ ಊರಿನಲ್ಲಿತ್ತು. ಒಂದು ಕೋಣೆಯ ಉದ್ದಕ್ಕೂ ಮಲಗಿದ ಕೊಳವೆ, ಅದರ ತುದಿಗೆ ಕಬ್ಬಿಣದ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಚೌಕಟ್ಟಿಗೆ ಹಲಗೆಯನ್ನು ಎಂಟು ಬೋಲ್ಟುಗಳಿಂದ ಬಿಗಿಯಬೇಕು. ಈ ಕೆಲಸ ಮಾಡುವ ಟೆಕ್ನಿಷಿಯನ್ ನಡುವಯಸ್ಸಿನವನು, ಗುತ್ತಿಗೆಯ ಮೇಲಿದ್ದವನು. ವರ್ಷ ವರ್ಷ ಕಾಗದ ಹೊಸದಾಗಬೇಕು, ಇಲ್ಲವಾದರೆ ಮನೆಗೆ. ನಾನು ಎರಡು ಮಾತಾಡುವುದರೊಳಗೆ ಅವನ ಮುಖ ಅರಳಿತು.

"ನೀವು ನಮ್ಮ ಕಡಿಯವ್ರು ಬಿಡ್ರಿ ಮೇಡಂ! ನಮ್ದು ಗುರುಮಠಕಲ್."

ಇಷ್ಟು ಬೇಗ ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವನು ಸಿಳ್ಳೆ ಹಾಕುತ್ತ ಬೋಲ್ಟು ಬಿಗಿಯುತ್ತಿದ್ದ, ಅದೂ ಆಗಲಿಲ್ಲ. ಎಷ್ಟು ಬಿಗಿಯಾಯಿತು ಅಂತ ನೋಡುವ ಅಳತೆಯ ಪಾನಾ ಗೋಡೆಗೆ ತೂಗುತ್ತಿತ್ತು, ಅವನು ಅದನ್ನು ಮುಟ್ಟಲಿಲ್ಲ. ಕೇಳಿದೆ.

"ಕೈಗೆ ತಿಳೀತದ್ರಿ ಮೇಡಂ," ಅಂದ.

ಒಂದು ದಿನಕ್ಕೆ ಒಂದೇ ಹಲಗೆ ಆಗುತ್ತಿತ್ತು. ಮೊದಲನೆಯದನ್ನು ನೋಡಿ ನಾನು ಊರಿಗೆ ಬಂದೆ. ಉಳಿದವುಗಳ ಸುದ್ದಿಯನ್ನು ಅವನು ಫೋನಿಗೆ ಕಳಿಸುತ್ತಿದ್ದ. ಹೊಡೆದ ಮೇಲೆ ಹಲಗೆಯನ್ನು ಮೇಜಿನ ಮೇಲಿಟ್ಟು, ನಾಣ್ಯದಿಂದ ತಟ್ಟುತ್ತ ಹೋಗಿ, ಎಲ್ಲಿ ಪೊಳ್ಳು ಸದ್ದು ಬರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಫೋಟೊ ತೆಗೆಯುತ್ತಿದ್ದ. ಫೋಟೊದ ಕೆಳಗೆ ಪ್ರತಿ ಸಲ ಅದೇ ಒಂದು ಸಾಲು: "ಹೊಡದೀನ್ರಿ ಮೇಡಂ, ಚೊಲೋ ಬಿತ್ತು."

ಹೊಲಿಗೆಯಿಲ್ಲದ ಮೂರೂ ನನ್ನ ಲೆಕ್ಕಕ್ಕೆ ಹೊಂದಿದವು. ಹೊಲಿಗೆಯ ಆರು ಹೊಂದಲಿಲ್ಲ. ನನ್ನ ಲೆಕ್ಕದಲ್ಲಿ ತೂತಿನ ಸುತ್ತ ನಾಲ್ಕೂ ಕಡೆ ಸಮನಾಗಿ, ಸಣ್ಣದಾಗಿ ಪದರ ಬಿಡಬೇಕಿತ್ತು. ಆರೂ ಹಲಗೆಗಳಲ್ಲಿ ಸೀಮೆಸುಣ್ಣದ ಗೆರೆ ನಡುವಿನಿಂದ ಹೊರಟು ಬಲಗಡೆಯ ಕೆಳಮೂಲೆಯವರೆಗೆ ಹರಿದಿತ್ತು.

ನಾನು ಲೆಕ್ಕವನ್ನು ಅನುಮಾನಿಸಲಿಲ್ಲ. ಅವ್ವನ ಹೊಲಿಗೆಯನ್ನೂ ಅನುಮಾನಿಸಲಿಲ್ಲ, ಅಳತೆಪಟ್ಟಿ ಹಿಡಿದು ನಾನೇ ನೋಡಿದ್ದೆನಲ್ಲ. ಸಿಳ್ಳೆ ನೆನಪಾಯಿತು, ಗೋಡೆಯ ಮೇಲಿನ ಪಾನಾ ನೆನಪಾಯಿತು. ಆ ಮೂಲೆಯ ಬೋಲ್ಟು ಸಡಿಲಿದ್ದರೆ ಹಲಗೆ ಅತ್ತ ಕಡೆ ಹೆಚ್ಚು ಅದುರಿ ಅಲ್ಲೇ ಬಿಟ್ಟುಕೊಳ್ಳುತ್ತದೆ. ಹೊಲಿಗೆಯಿಲ್ಲದ ಹಲಗೆಗಳಿಗೆ ಮಾತ್ರ ಬೋಲ್ಟು ಹೇಗೆ ಸರಿಯಾಗಿತ್ತು ಎಂಬ ಪ್ರಶ್ನೆ ಬಂದಿತ್ತು. ಆಮೇಲೆ ಸಡಿಲಾಗಿರಬೇಕು ಅಂತ ನನಗೆ ನಾನೇ ಉತ್ತರ ಹೇಳಿಕೊಂಡೆ. ಅವನಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ಅವನು ಎಚ್ಚೆತ್ತುಕೊಂಡು ಏನಾದರೂ ಸರಿಪಡಿಸಿಬಿಡುತ್ತಾನೆ ಅನ್ನಿಸಿತು. ನೇರ ನನ್ನ ಗೈಡಿಗೆ, ಅಂದರೆ ನನ್ನ ಸಂಶೋಧನೆಯನ್ನೂ ಆ ಪ್ರಯೋಗಾಲಯವನ್ನೂ ನೋಡಿಕೊಳ್ಳುವ ಪ್ರೊಫೆಸರಿಗೆ, ಚಿತ್ರಗಳ ಸಮೇತ ಎರಡು ಪುಟ ಬರೆದೆ. ಬೋಲ್ಟು ಬಿಗಿಯುವಲ್ಲಿ ನಿರ್ಲಕ್ಷ್ಯ, ಅಳತೆಯ ಪಾನಾ ಬಳಸಿಲ್ಲ, ಆರು ಹಲಗೆ ವ್ಯರ್ಥ.

ಮೂರನೆಯ ದಿನ ಉತ್ತರ ಬಂತು. ಅವನನ್ನು ಕೊಳವೆಯ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಲಾಗಿದೆ, ತಿಂಗಳ ಕೊನೆಗೆ ಗುತ್ತಿಗೆ ಮುಗಿಯುತ್ತದೆ, ಮುಂದುವರಿಸುವುದಿಲ್ಲ.

ನಿಜ ಹೇಳುತ್ತೇನೆ, ಆಗ ನನಗೆ ಸಂಕಟವಾಗಲಿಲ್ಲ. ನಾನು ಹಿಡಿದದ್ದು ಸರಿ ಅನ್ನುವ ಸಮಾಧಾನವಾಯಿತು. ಅವತ್ತು ಎರಡು ರೊಟ್ಟಿ ಹೆಚ್ಚೇ ತಿಂದೆ.

ಎರಡು ದಿನ ಬಿಟ್ಟು ಅವನ ಫೋನ್ ಬಂತು. ನಾನು ಯಾದಗಿರಿ ಬಸ್ ನಿಲ್ದಾಣದಲ್ಲಿದ್ದೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದು ಇನ್ನಷ್ಟು ಅನುಮಾನ ತರಿಸಿತು.

"ಮೇಡಂ, ಒಂದ್ ಮಾತ್ ಹೇಳಬೇಕಾಗ್ಯದ್ರಿ. ಹೊಲಿಗಿ ಹಾಕಿದ್ದರಾಗ ನಾಲ್ಕನೇ ಹಲಗಿ ನಾ ಉಲ್ಟಾ ಕಟ್ಟಿದ್ದೆ. ಬಾಣದ ಗುರ್ತು ನೋಡಲಾರ್ದ ಕಟ್ಟಿಬಿಟ್ಟೆ. ಬೈತೀರಿ ಅಂತ ಆಗ ಹೇಳಿದ್ದಿಲ್ಲ."

"ಅಂದ್ರ?"

"ಅಂದ್ರ ಅದರ ಕೆಳಗಿನ ಬಲಮೂಲಿ ಮ್ಯಾಲ ಎಡಕ್ಕಿತ್ರಿ. ಅಲ್ಲಿ ಬ್ಯಾರೇ ಬೋಲ್ಟು. ಆದ್ರೂ ಹಲಗೀದು ಅದs ಮೂಲಿ ಬಿಟ್ಟದಲ್ರಿ. ದೋಷ ಬೋಲ್ಟಿನಾಗಿಲ್ಲ ಮೇಡಂ. ಹಲಗ್ಯಾಗ ಅದ."

ಹೊಡೆಯುವ ಮುಂಚೆ ಚೌಕಟ್ಟಿನಲ್ಲಿ ತೆಗೆದ ಫೋಟೊ ಕಳಿಸಿದ. ಬಾಣ ಕೆಳಮುಖವಾಗಿತ್ತು. ಬಾಣವನ್ನು ಯಾರು ಬೇಕಾದರೂ ಈಗ ಬರೆದುಕೊಳ್ಳಬಹುದು ಅಂದುಕೊಂಡೆ. ಬಸ್ಸಿನಲ್ಲಿ ಕೂತು ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತ ಹೋದೆ. ಭೀಮಾ ನದಿಯ ಸೇತುವೆ ದಾಟುವಾಗ ಕಂಡಿತು. ಅವ್ವ ಶುರು ಮಾಡುವಲ್ಲಿ ಯಾವಾಗಲೂ ಎರಡು ಗಂಟು ಹಾಕುತ್ತಾಳೆ. ಆ ಜೋಡಿ ಗಂಟು ಎಡಗಡೆ ಮೇಲೆ ಇರಬೇಕಾದದ್ದು ಬಲಗಡೆ ಕೆಳಗಿತ್ತು. ಅಂಟಿನೊಳಗೆ ಹೂತ ಗಂಟನ್ನು ಯಾರೂ ಕದಲಿಸಲಾರರು.

ಅವನು ಹೇಳಿದ್ದು ಖರೆ. ಆರೂ ಹಲಗೆಗಳ ಆ ಮೂಲೆಯಲ್ಲಿ ಏನೋ ಇತ್ತು. ಅಂಟು ಹರಿಸಿದವಳು ನಾನು, ನಾಲ್ಕೂ ಮೂಲೆಗೆ ಒಂದೇ ರೀತಿ ಹರಿಸಿದ್ದೆ. ಆ ಮೂಲೆಯಲ್ಲಿ ಬೇರೆಯಾಗಿ ಕೈ ಆಡಿಸಿದವಳು ಒಬ್ಬಳೇ.

ಮನೆಗೆ ಹೋಗಿ ನೇರ ಕೇಳಬಹುದಿತ್ತು. ಆಗಲೂ ನನ್ನ ಅನುಮಾನದ ಬುದ್ಧಿ ಬಿಡಲಿಲ್ಲ. ಕೇಳಿದರೆ ಇಲ್ಲ ಅಂತಾಳೆ, ಕಣ್ಣಾರೆ ನೋಡಬೇಕು ಅಂದುಕೊಂಡೆ. ಮರುದಿನ ಕಾಲೇಜಿಗೆಂದು ಹೊರಟು, ನಿಲ್ದಾಣದವರೆಗೆ ಹೋಗಿ, ತಿರುಗಿ ಬಂದು, ನನ್ನದೇ ಮನೆಯ ಹಿತ್ತಲ ಬಾಗಿಲಲ್ಲಿ ಕಳ್ಳಿಯಂತೆ ನಿಂತೆ. ಅವ್ವ ಪಕ್ಕದ ಮನೆಯ ಬಾಣಂತಿಯ ಕೂಸಿಗೆ ಸಣ್ಣ ಕೌದಿ ಹೊಲಿಯುತ್ತಿದ್ದಳು. ಕೊನೆಯ ಮೂಲೆ ಉಳಿದಿತ್ತು. ಎದ್ದು, ಬುಟ್ಟಿಯಿಂದ ಒಣಗಿದ ಕಟಿ ರೊಟ್ಟಿ ತೆಗೆದು, ಉಗುರಿನಷ್ಟು ಮುರಿದಳು. ಪದರ ಎತ್ತಿ ಒಳಗಿಟ್ಟಳು. ಒಮ್ಮೆ ಕೈಯಿಂದ ಸವರಿ ಹೊಲಿಗೆ ಹಾಕಿದಳು.

"ಅವ್ವಾ, ಏನ್ ಹಾಕ್ದಿ ಅದ್ರಾಗ?"

ಅವಳು ಬೆಚ್ಚಲೂ ಇಲ್ಲ. "ರೊಟ್ಟಿ. ಮತ್ತೇನ್ ಹಾಕ್ತಾರ?"

"ಯಾಕ?"

"ಯಾಕಂದ್ರ? ಕೌದಿ ಮುಚ್ಚೂ ಮುಂದ ಅದರ ಹೊಟ್ಟಿಗೆ ಒಂದ್ ತುತ್ತು ಹಾಕಬೇಕು. ಹಸದ ಕೌದಿ ಯಾರಿಗೂ ಕೊಡಬಾರ್ದು. ನಿಮ್ಮಜ್ಜಿ ಹಾಕ್ತಿದ್ಳು, ನಾ ಹಾಕ್ತೀನಿ. ನೀ ಒಂದ್ ದಿನ ಸೂಜಿ ಹಿಡದಿದ್ರ ನಿನಗೂ ಗೊತ್ತಿರ್ತಿತ್ತು."

ನಾನು ಎಂದೂ ಸೂಜಿ ಹಿಡಿದವಳಲ್ಲ. ಅವಳ ಕೌದಿಯ ಹೊಲಿಗೆ ಎಷ್ಟು ಭಾರ ತಡೆಯುತ್ತದೆ ಅಂತ ಲೆಕ್ಕ ಹಾಕಿದ್ದೆ, ಒಂದು ಕೌದಿಯನ್ನೂ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿರಲಿಲ್ಲ.

"ನನ್ನ ಹಳದಿ ಬಟ್ಟಿಗೂ ಹಾಕಿದ್ದೇನು?"

ಅವಳು ಸೂಜಿಗೆ ಹೊಸ ದಾರ ಪೋಣಿಸಿದಳು. "ಎಣ್ಣಿ ಬ್ಯಾಡ ಅಂದಿ, ಕೂದ್ಲ ಬ್ಯಾಡ ಅಂದಿ, ಚಾ ಬ್ಯಾಡ ಅಂದಿ. ರೊಟ್ಟಿ ಬ್ಯಾಡ ಅಂದಿದ್ದಿಲ್ಲ."

ಅಂದಿರಲಿಲ್ಲ, ಖರೆ.

"ಅಷ್ಟ್ ದೂರ ಹೋಗ್ತದ ಅಂದಿ, ಥಂಡಿ ಅಂದಿ. ಖಾಲಿ ಹೊಟ್ಟೀಲೆ ಹೆಂಗ್ ಕಳಸ್ಲಿ? ನೀ ನೋಡಿದ್ರ ಬೈತಿ ಅಂತ ನೀ ಇಲ್ಲದಾಗ ಹಾಕ್ದೆ. ಏನ್, ಅದಕ್ಕ ಕೆಟ್ಟಿತೇನು?"

ನನಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಬಂತು. ಕೂತು ಆ ಮನುಷ್ಯನ ಸಂಗತಿಯನ್ನೆಲ್ಲ ಹೇಳಿದೆ. ಎರಡು ಪುಟದ ಪತ್ರ, ಉಗ್ರಾಣ, ತಿಂಗಳ ಕೊನೆ. ಅವಳ ಸೂಜಿ ನಿಂತಿತು.

"ನನ್ನಂತೂ ಕೇಳಲಿಲ್ಲ ನೀ," ಅಂದಳು. "ಅವನ್ನೂ ಕೇಳಲಿಲ್ಲೇನು?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ಈಗs ಬರಿ. ನಮ್ಮವ್ವ ಹಾಕ್ಯಾಳ, ಅವಂದೇನೂ ತಪ್ಪಿಲ್ಲ ಅಂತ ಬರಿ. ನನ್ನ ಹೆಸರ ಹಾಕಿ ಬರಿ."

ಬರೆದೆ. ನನ್ನ ಬರವಣಿಗೆಯಲ್ಲೇ ಅಷ್ಟು ಕಷ್ಟದ ಪತ್ರ ಇನ್ನೊಂದಿಲ್ಲ. ಹಲಗೆಯ ಮೂಲೆಯಲ್ಲಿ ಹೊರಗಿನ ವಸ್ತು ಸೇರಿದೆ, ವಸ್ತು ಜೋಳದ ರೊಟ್ಟಿ, ಸೇರಿಸಿದವರು ನನ್ನ ತಾಯಿ, ಕಾರಣ ಪದ್ಧತಿ.

ಗೈಡ್ ನಂಬಲಿಲ್ಲ. ಒಳ್ಳೆಯವರೇ, ಅನುಮಾನದಲ್ಲಿ ನನ್ನ ಗುರುಗಳು. ಫೋನ್ ಮಾಡಿ, "ಆ ಮನುಷ್ಯ ನಿಮಗೆ ಫೋನ್ ಮಾಡಿದ್ದ ಅಲ್ಲವೇ? ಕನಿಕರಕ್ಕೆ ಹೀಗೊಂದು ಕಥೆ ಕಟ್ಟಿದ್ದೀರಿ. ಮೊದಲು ಬರೆದದ್ದು ಸುಳ್ಳೋ, ಈಗ ಬರೆದದ್ದು ಸುಳ್ಳೋ?" ಅಂದರು. ಸತ್ಯ ಹೇಳಿಯೂ ಕಳ್ಳಿಯ ಹಾಗೆ ವಿಚಾರಣೆಗೆ ನಿಲ್ಲುವುದು ಹೇಗಿರುತ್ತದೆ ಅಂತ ಅವತ್ತು ತಿಳಿಯಿತು. ಆ ಟೆಕ್ನಿಷಿಯನ್ ಇಂಥ ಎಷ್ಟು ದಿನ ಕಳೆದಿದ್ದನೋ. ಹಲಗೆ ಕೊಯ್ದು ನೋಡೋಣ ಸರ್, ನಾನೇ ಬರುತ್ತೇನೆ ಅಂದೆ.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಹೋದೆ. ಕೊಯ್ಯುವ ಯಂತ್ರ ಚೆನ್ನಾಗಿ ಬಲ್ಲವನು ಅವನೊಬ್ಬನೇ, ಹಾಗಾಗಿ ಉಗ್ರಾಣದಿಂದ ಅವನನ್ನೇ ಕರೆಸಿದರು. ನನ್ನನ್ನು ನೋಡಿ "ನಮಸ್ಕಾರ್ರಿ" ಅಂದ. ನಾಲ್ಕನೆಯ ಹಲಗೆಯ ಮೂಲೆಯನ್ನು ಚಕ್ರದ ಕೆಳಗಿಟ್ಟು ನಿಧಾನ ಕೊಯ್ದ. ಕೊಯ್ದ ಅಂಚನ್ನು ತೊಳೆದು ಬೆಳಕಿಗೆ ಹಿಡಿದಾಗ ಹಳದಿ ಪದರಗಳ ನಡುವೆ ಬೂದು ಬಣ್ಣದ ತೆಳ್ಳನೆಯ ಒಂದು ಗೆರೆ ಕಂಡಿತು. ಅದರ ಎರಡೂ ಬದಿ ಪದರ ಬಾಯಿ ಬಿಟ್ಟಿತ್ತು. ಅವನು ಚಿಮುಟದಿಂದ ಒಂದು ಹುಡಿ ಎತ್ತಿ ಅಂಗೈಗೆ ಹಾಕಿಕೊಂಡು ನೋಡಿದ.

"ಜ್ವಾಳದ್ದು," ಅಂದ. "ಕಟಿ ರೊಟ್ಟಿ, ಸರ್."

ಗೈಡ್ ಕನ್ನಡಕ ತೆಗೆದು ಹಾಕಿಕೊಂಡು ಮತ್ತೆ ನೋಡಿದರು. ಇನ್ನೂ ಎರಡು ಹಲಗೆ ಕೊಯ್ಯಿಸಿದರು. ಅವುಗಳಲ್ಲೂ ಇತ್ತು. ಅವರು ಹೊರಗೆ ಹೋದ ಮೇಲೆ ನಾವಿಬ್ಬರೇ ಉಳಿದೆವು.

"ನಮ್ಮವ್ವ ಅಕ್ಕಿ ಹಾಕ್ತಾಳ್ರಿ," ಅಂದ ಅವನು, ಯಂತ್ರ ಒರೆಸುತ್ತ. "ನಾಲ್ಕ್ ಕಾಳು."

"ನನ್ನಿಂದ ಭಾಳ ತಪ್ಪಾತ್ರಿ," ಅಂದೆ. "ನಿಮ್ಮನ್ನ ಕೇಳಬೇಕಿತ್ತು."

"ಇರ್ಲಿ ಬಿಡ್ರಿ ಮೇಡಂ."

ಅವನು ಮುಖ ಎತ್ತಲಿಲ್ಲ. ಯಂತ್ರ ಆಗಲೇ ಶುದ್ಧವಾಗಿತ್ತು, ಆದರೂ ಒರೆಸುತ್ತಲೇ ಇದ್ದ. ಸಿಳ್ಳೆ ಹಾಕಲಿಲ್ಲ.

ಅವನ ಗುತ್ತಿಗೆ ಮುಂದುವರಿಯಿತು, ಕೊಳವೆಯ ಕೆಲಸ ಮರಳಿ ಸಿಕ್ಕಿತು. ನಾನು ಊರಿಗೆ ಬಂದು ಕಂಪ್ಯೂಟರಿನ ಹಲಗೆಯೊಳಗೂ ಅದೇ ಮೂಲೆಯಲ್ಲಿ ಉಗುರಿನಷ್ಟು ಜಾಗದಲ್ಲಿ ಅಂಟು ಹಿಡಿಯದ ಹಾಗೆ ಮಾಡಿ ಕಾಳು ಬಿಟ್ಟೆ. ಎರಡು ದಿನದ ಮೇಲೆ ಬಂದ ಚಿತ್ರ ಸೀಮೆಸುಣ್ಣದ ಗೆರೆಗೆ ಹೆಚ್ಚುಕಡಿಮೆ ಕೂಡಿತು. ಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯವೇ ಆಯಿತು, ಪರೀಕ್ಷಕರು ಮೆಚ್ಚಿದ್ದೂ ಅದನ್ನೇ. ನಾನು ಖುಷಿಪಡಬೇಕಿತ್ತು.

ಹೊಸ ಆರು ತುಂಡುಗಳನ್ನು ಅವ್ವ ನನ್ನೆದುರಿಗೇ ಹೊಲಿದಳು, ಕೊನೆಯ ಮೂಲೆಯನ್ನೂ. ಪ್ರತಿ ಸಲ ಅದನ್ನು ಮುಚ್ಚುವಾಗ ಅವಳ ಕೈ ಅಭ್ಯಾಸದಂತೆ ಬುಟ್ಟಿಯ ಕಡೆ ಹೋಗಿ ನಿಲ್ಲುತ್ತಿತ್ತು. "ಉಪವಾಸ ಕಳಸಾಕತ್ತೀದಿ ನೋಡು," ಅಂತ ಒಮ್ಮೆ ಅಂದಳು, ಆಮೇಲೆ ಅನ್ನಲಿಲ್ಲ. ಅವಳ ಬೆನ್ನು ತಿರುಗಿದಾಗ ನಾನು ಮೂಲೆಗಳನ್ನು ಒತ್ತಿ ನೋಡಿದೆ. ಅವಳು ಅದನ್ನು ಕಂಡಳು ಅಂತ ಕಾಣುತ್ತದೆ.

ಆ ಹಲಗೆಗಳನ್ನು ಅವನೇ ಹೊಡೆದ, ಆರೂ ನನ್ನ ಲೆಕ್ಕಕ್ಕೆ ಹೊಂದಿದವು. ಮೊದಲನೆಯ ದಿನ ಫೋನಿಗೆ ಹಲಗೆಯ ಫೋಟೊದ ಜೊತೆ ಇನ್ನೂ ಹದಿನೇಳು ಬಂದವು. ಅಳತೆಯ ಪಾನಾ ಹಚ್ಚಿದ ಎಂಟು ಬೋಲ್ಟುಗಳದ್ದು ಹೊಡೆಯುವ ಮುಂಚೆ ಎಂಟು, ಹೊಡೆದ ಮೇಲೆ ಎಂಟು. ಇನ್ನೊಂದು, ಅವನೂ ಇನ್ನೊಬ್ಬರೂ ಸಹಿ ಮಾಡಿದ ಕಾಗದ. ಇದೆಲ್ಲ ಬೇಡ, ಹಲಗೆಯದು ಒಂದು ಕಳಿಸಿದರೆ ಸಾಕು ಅಂತ ಬರೆದೆ. "ಇರ್ಲಿ ಮೇಡಂ, ಬೇಕಾಗ್ತದ," ಅಂತ ಉತ್ತರ ಬಂತು.

ನನ್ನ ಪಿಎಚ್‌ಡಿ ಮುಗಿದು, ಈಗ ನನ್ನ ವಿದ್ಯಾರ್ಥಿಗಳ ಹಲಗೆಗಳು ಅಲ್ಲಿಗೆ ಹೋಗುತ್ತವೆ. ಇವತ್ತಿಗೂ ಒಂದೊಂದು ಹಲಗೆಗೆ ಅವೇ ಹದಿನೇಳು ಫೋಟೊ ಬರುತ್ತವೆ. ಒಂದನ್ನೂ ಬಿಡದೆ ತೆರೆದು ನೋಡುತ್ತೇನೆ. ಬೋಲ್ಟು ನೋಡುವುದಕ್ಕಲ್ಲ. ಕೆಳಗೆ ಎಲ್ಲಾದರೂ "ಹೊಡದೀನ್ರಿ ಮೇಡಂ, ಚೊಲೋ ಬಿತ್ತು" ಅಂತ ಬರೆದಿದ್ದಾನೇನೋ ಅಂತ. ಆ ಸಾಲನ್ನು ಅವನು ಮತ್ತೆ ಬರೆದಿಲ್ಲ.